ರೋಗ ಹೋಗ್ತದೋ, ತ್ರಾಸು ಹೋಗ್ತದೋ?

ಹುಮನಾಬಾದ ಕಡೆಯಿಂದ ಕಮಲಾಪುರ ದಾಟಿ ಕಲಬುರಗಿಗೆ ಬರುವ ಮುಂಜಾನೆಯ ಬಸ್ಸಿನಲ್ಲಿ ಎರಡು ನಮೂನೆಯ ಜನ ಕಾಣುತ್ತಾರೆ. ಕಚೇರಿ, ಕೋರ್ಟು, ಕಾಲೇಜು ಎಂದು ಬರುವವರು ಒಂದು. ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ, ರಕ್ತದ ರಿಪೋರ್ಟು, ಸ್ಕ್ಯಾನಿಂಗ್ ಹಾಳೆ ಮಡಚಿಟ್ಟುಕೊಂಡು ದವಾಖಾನೆಗೆ ಬರುವವರು ಇನ್ನೊಂದು. ಹಾದಿ 40 ಕಿಲೋಮೀಟರಿನ ಆಸುಪಾಸು. ಆದರೆ ಈ ಎರಡನೆಯವರು ಆ ಹಾದಿ ಹಿಡಿಯುವಷ್ಟರಲ್ಲಿ ತಿಂಗಳುಗಟ್ಟಲೆ ಕಾಲ ಕಳೆದಿರುತ್ತದೆ.

ಅಂಥವರಲ್ಲಿ ಒಬ್ಬನನ್ನು ತೆಗೆದುಕೊಳ್ಳೋಣ. ಹೆಸರು ಬೇಡ. ಇದು ಯಾವುದೋ ಒಂದು ಮನೆಯ ಕಥೆಯೂ ಅಲ್ಲ. ಇಂಥ ಹತ್ತಾರು ಮನೆಗಳಲ್ಲಿ ನಡೆಯುವುದನ್ನು ಕೂಡಿಸಿ ಒಬ್ಬನ ತಲೆಯ ಮೇಲೆ ಹೊರಿಸಿದ್ದು ಎಂದು ತಿಳಿಯಬೇಕು. ಅರವತ್ತು ದಾಟಿದ ರೈತ. ಕಮಲಾಪುರದ ಹೆಸರನ್ನು ದೂರದೂರಕ್ಕೆ ಒಯ್ದ ಕೆಂಪು ಬಾಳೆ ಒಂದಿಷ್ಟು, ತೊಗರಿ ಒಂದಿಷ್ಟು ಬೆಳೆಯುವವನು. ಬಾಯಲ್ಲಿ ತಂಬಾಕು ಇಲ್ಲದೆ ಹೊಲಕ್ಕೆ ಕಾಲಿಟ್ಟವನಲ್ಲ. ನಾಲ್ಕು ತಿಂಗಳ ಹಿಂದೆ ಒಂದು ದಿನ ಜೋಳದ ರೊಟ್ಟಿಯ ತುತ್ತು ಎದೆಯಲ್ಲಿ ನಿಂತಿತು. ನೀರು ಕುಡಿದ, ಇಳಿಯಿತು. ಆಮೇಲೆ ದಿನಾ ನಿಲ್ಲತೊಡಗಿತು. ರೊಟ್ಟಿ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ. "ವಾಯು ಆಗ್ಯಾದ, ಸೋಡಾ ಕುಡಿ" ಅಂತ ಒಬ್ಬರು, "ದೃಷ್ಟಿ ತಾಕ್ಯಾದ" ಅಂತ ಇನ್ನೊಬ್ಬರು. ಗಂಜಿಯೂ ಮೂಗಿಗೆ ಬರತೊಡಗಿದಾಗ ಮಗ ಹಿಡಿದು ಬಸ್ ಹತ್ತಿಸಿದ.

ದುರ್ಬೀನು ಹಾಕಿ ನೋಡಿದರು, ಚೂರು ತೆಗೆದು ತಪಾಸಣೆಗೆ ಕಳಿಸಿದರು, ಸ್ಕ್ಯಾನಿಂಗ್ ಆಯಿತು. ಅನ್ನನಾಳದ ಕ್ಯಾನ್ಸರ್. ಯಕೃತ್ತಿಗೂ ಹಬ್ಬಿದೆ.

ಡಾಕ್ಟರು ಮಗನನ್ನು ಕರೆದು ಕೂರಿಸಿ ಹೇಳುತ್ತಾರೆ: ಗಡ್ಡೆ ತೆಗೆಯುವ ಹಂತ ದಾಟಿದೆ, ನುಂಗಲಿಕ್ಕೆ ಅನುಕೂಲ ಆಗುವಂಥ ಒಂದು ನಳಿಕೆ ಕೂರಿಸಬಹುದು. ಮಗನ ಕಿವಿಗೆ ಬೀಳುವುದು ಒಂದೇ ಮಾತು: ಏನೋ ಮಾಡಬಹುದಂತೆ. "ಎಷ್ಟ್ ರೊಕ್ಕ ಹೋದ್ರೂ ಹೋಗ್ಲಿ ಸಾಹೇಬ್ರ, ಆಪರೇಶನ್ ಮಾಡ್ರಿ. ಬಾಳಿತೋಟ ಮಾರಿ ತರ್ತೀನಿ. ನಮ್ಮಪ್ಪ ಆರಾಮ ಆದ್ರ ಸಾಕು." ಹೊರಗೆ ಕಟ್ಟೆಯ ಮೇಲೆ ಕೂತ ಕಾಕಾನ ಮಾತು ಇದಕ್ಕೆ ಪೂರಾ ಉಲ್ಟಾ: "ಆರಾಮ ಆಗಂಗಿಲ್ಲ ಅಂದ ಮ್ಯಾಲ ಯಾಕ ಹರಿದು ಹಾಕಿಸ್ತಿ? ಚಾಕು ತಾಕಿದ್ರ ಕ್ಯಾನ್ಸರ್ ಹರಡ್ತದ. ಮನೀಗಿ ಕರ್ಕೊಂಡ್ ನಡಿ."

ಇಬ್ಬರದೂ ಪ್ರೀತಿಯೇ. ಇಬ್ಬರೂ ತಪ್ಪು. ಒಬ್ಬ ಗುಣವಾಗುತ್ತದೆಂದು ಹೊಲ ಮಾರಲು ಹೊರಟ, ಇನ್ನೊಬ್ಬ ಗುಣವಾಗುವುದಿಲ್ಲವೆಂದು ಬಾಯಿಗೆ ನೀರೂ ಇಳಿಯದ ಮನುಷ್ಯನನ್ನು ಹಾಗೇ ಮನೆಗೆ ಒಯ್ಯಲು ಹೊರಟ. ಇಬ್ಬರೂ ಡಾಕ್ಟರಿಗೆ ಕೇಳಬೇಕಾಗಿದ್ದ ಪ್ರಶ್ನೆ ಒಂದೇ — ಇದರಿಂದ ರೋಗ ಹೋಗ್ತದೋ, ತ್ರಾಸು ಹೋಗ್ತದೋ?

ತ್ರಾಸಿಗೂ ಒಂದು ಶಸ್ತ್ರಚಿಕಿತ್ಸೆ

ರೋಗ ಕೀಳಲಾಗದಿದ್ದರೂ ರೋಗದ ತ್ರಾಸನ್ನು ತೆಗೆಯಲೆಂದೇ ಮಾಡುವ ಆಪರೇಶನ್ ಉಂಟು. ಅದಕ್ಕೆ ಉಪಶಮನ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಇಂಗ್ಲಿಷಿನ ಪ್ಯಾಲಿಯೇಟಿವ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಹೊದೆಯುವ ಬಟ್ಟೆ ಎಂದು ಅರ್ಥ. ನಮ್ಮ ಕಡೆಯ ಮಾತಿನಲ್ಲಿ ಕೌದಿ ಅಂದುಕೊಳ್ಳಿ. ಚಳಿಗಾಲವನ್ನು ಕೌದಿ ಓಡಿಸುವುದಿಲ್ಲ. ಹಾಗಂತ ಯಾರೂ ಕೌದಿ ಬೇಡ ಅನ್ನುವುದಿಲ್ಲ.

ಬಾಯಿಯಿಂದ ಗುದದವರೆಗೆ ಜೀರ್ಣಾಂಗ ಎಂಬುದು ಒಂದೇ ಉದ್ದನೆಯ ಕೊಳವೆ. ಕ್ಯಾನ್ಸರ್ ಬಂದರೆ ಮೊದಲು ಕಾಡುವುದು ಕೊಳವೆ ಕಟ್ಟಿಕೊಳ್ಳುವ ತ್ರಾಸು. ಎಲ್ಲಿ ಕಟ್ಟಿತು ಎಂಬುದರ ಮೇಲೆ ನರಳಾಟದ ನಮೂನೆ ಬೇರೆ, ಉಪಾಯವೂ ಬೇರೆ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ರಬ್ಬರಿನಂತೆ ಹಿಗ್ಗುವ ಗುಣ ಅದಕ್ಕಿದೆ. ಆ ಗುಣವೇ ಇಲ್ಲಿ ಮುಳುವು. ಒಳಗೆ ಗಡ್ಡೆ ಬೆಳೆದರೂ ಬಹಳ ದಿನ ಸುಳಿವು ಸಿಗುವುದಿಲ್ಲ. ದಾರಿ ಅರ್ಧದಷ್ಟು ಮುಚ್ಚಿದ ಮೇಲೆಯೇ ರೊಟ್ಟಿ ನಿಲ್ಲುವುದು. ಆದ್ದರಿಂದ ತುತ್ತು ನಿಂತಿತೆಂದರೆ ವಾಯು ಎಂದು ತಿಂಗಳು ತಳ್ಳದೆ ಆ ವಾರವೇ ದುರ್ಬೀನು ಹಾಕಿಸುವುದು ಲೇಸು. ಬೇಗ ಸಿಕ್ಕರೆ ಗಡ್ಡೆ ತೆಗೆದು ಗುಣ ಮಾಡುವ ದಾರಿಯೂ ಇದೆ ಎಂಬುದನ್ನು ಮರೆಯಬಾರದು.

ತಡವಾಗಿ ಸಿಕ್ಕವರಿಗೆ ಸ್ಟೆಂಟ್. ತೆಳು ಲೋಹದ ತಂತಿಯಿಂದ ಹೆಣೆದ ಜಾಳಿಗೆಯಂಥ ನಳಿಕೆ. ಮುದುಡಿದ ಸ್ಥಿತಿಯಲ್ಲಿ ಬಾಯಿಯ ಮೂಲಕವೇ ಒಳಗೆ ಇಳಿಸಿ ಕಟ್ಟಿದ ಜಾಗದಲ್ಲಿ ಬಿಟ್ಟರೆ ತಾನೇ ಅರಳಿಕೊಂಡು ದಾರಿ ಬಿಡಿಸುತ್ತದೆ. ಹೊಟ್ಟೆ ಕೊಯ್ಯುವ ಮಾತೇ ಇಲ್ಲ. ಬಹಳ ಜನರಿಗೆ ಒಂದೆರಡು ದಿನದಲ್ಲಿ ಗಂಜಿ, ಹಾಲು, ಮೆತ್ತನೆ ಅನ್ನ ಇಳಿಯುತ್ತದೆ. ಹಾಗಂತ ಚಿನ್ನದ ನಳಿಕೆಯೇನಲ್ಲ. ಎದೆ ನೋಯಬಹುದು, ಜಾರಬಹುದು, ಗಡ್ಡೆ ಮತ್ತೆ ಬೆಳೆದು ಮುಚ್ಚಬಹುದು. ಅನ್ನನಾಳದೊಳಗೇ ವಿಕಿರಣದ ಮೂಲವಿಟ್ಟು ಗಡ್ಡೆ ಕುಗ್ಗಿಸುವ ಇನ್ನೊಂದು ವಿಧಾನವೂ ಇದೆ. ಹಾಲೆಂಡಿನಲ್ಲಿ 209 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸ್ಟೆಂಟಿನಿಂದ ಉಪಶಮನ ಬೇಗ, ವಿಕಿರಣದಿಂದ ಉಪಶಮನ ಹೆಚ್ಚು ದಿನ. ವಾರದ ಆಯುಷ್ಯ ಇರುವವನಿಗೂ ವರ್ಷ ಬದುಕಬಲ್ಲವನಿಗೂ ಒಂದೇ ಸಲಹೆ ಹೊಂದುವುದಿಲ್ಲ ಎಂದಾಯಿತು.

ಎರಡೂ ಆಗದವರಿಗೆ ಹೊಟ್ಟೆಯ ಮೇಲಿಂದ ಸಣ್ಣ ಕರುಳಿಗೆ ನಳಿ ಹಾಕಿ ಅದರಲ್ಲೇ ಆಹಾರ ಬಿಡುವುದುಂಟು. ಹೊಟ್ಟೆಗೆ ಅನ್ನ ಹೋಗುತ್ತದೆ, ನಿಜ. ಆದರೆ ಬಾಯಿಯ ರುಚಿ ಇಲ್ಲ, ಸ್ವಂತ ಉಗುಳನ್ನು ನುಂಗಲಾಗದ ಸಂಕಟವೂ ತಪ್ಪುವುದಿಲ್ಲ. ಇದನ್ನು ಮೊದಲೇ ಹೇಳದೆ ನಳಿ ಹಾಕಿದರೆ ಮನೆಗೆ ಹೋದ ಮೇಲೆ "ಏನ್ ಆಪರೇಶನ್ ಮಾಡಿದ್ರೋ ಏನೋ" ಎಂಬ ಮಾತು ಬರುವುದೇ.

ವಿಯೆನ್ನಾದ ಆ ದಿನ

ಜಠರದ ಬಾಗಿಲಲ್ಲಿ, ಅಂದರೆ ಹೊಟ್ಟೆಯಿಂದ ಕರುಳಿಗೆ ದಾಟುವ ಕಡೆ ಗಡ್ಡೆ ಕೂತರೆ ಇನ್ನೊಂದು ಪಾಡು. ತಿಂದದ್ದು ಕೆಳಗೆ ಇಳಿಯದು. ನಿನ್ನೆ ಮಧ್ಯಾಹ್ನ ಉಂಡ ಅನ್ನ ಇವತ್ತು ಸಂಜೆ ಹಾಗೇ ವಾಂತಿಯಾಗುತ್ತದೆ.

ಇದಕ್ಕೆ ಮಾಡುವ ಆಪರೇಶನ್ನಿಗೆ ನೂರಾ ನಲವತ್ತು ವರ್ಷ ಮೀರಿದ ಚರಿತ್ರೆ ಇದೆ. 1881ರ ಜನವರಿಯಲ್ಲಿ ವಿಯೆನ್ನಾದ ಬಿಲ್‌ರೋತ್ ಎಂಬ ಸರ್ಜನ್ನು ಕ್ಯಾನ್ಸರ್ ಹತ್ತಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು ಯಶಸ್ವಿಯಾದರು. ಜಗತ್ತೆಲ್ಲ ಅದನ್ನೇ ಹಾಡಿ ಹೊಗಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರ ಶಿಷ್ಯ ವೂಲ್ಫ್ಲರ್ ಇನ್ನೊಬ್ಬ ರೋಗಿಯ ಹೊಟ್ಟೆ ತೆರೆದರು. ನೋಡಿದರೆ ಗಡ್ಡೆ ತೆಗೆಯುವಂತಿಲ್ಲ. ಹಾಗೇ ಹೊಲಿದು ಮುಚ್ಚುವುದೊಂದೇ ಬಾಕಿ. ಆಗ ಜೊತೆಗಿದ್ದ ನಿಕೊಲಾಡೋನಿ ಎಂಬ ವೈದ್ಯರು, ಗಡ್ಡೆ ಇದ್ದಲ್ಲೇ ಇರಲಿ, ಸಣ್ಣ ಕರುಳನ್ನು ಎಳೆದು ಜಠರಕ್ಕೇ ಜೋಡಿಸಿದರೆ ಹೇಗೆ ಎಂದು ಸೂಚಿಸಿದರು. ಜೋಡಿಸಿದರು. ರಸ್ತೆ ಕುಸಿದ ಕಡೆ ಪಕ್ಕದ ಹೊಲದಲ್ಲಿ ಬದಲಿ ದಾರಿ ಮಾಡಿದ ಹಾಗೆ! ಬಿಲ್‌ರೋತ್‌ರ ಹೆಸರು ಎಲ್ಲರ ಬಾಯಲ್ಲಿ ಉಳಿಯಿತು, ಆ ಬದಲಿ ದಾರಿ ಮಾತ್ರ ಇವತ್ತಿಗೂ ಊರೂರಿನ ಆಪರೇಶನ್ ಕೋಣೆಗಳಲ್ಲಿ ಬಡವರ ಹೊಟ್ಟೆಗೆ ಅನ್ನ ಇಳಿಸುತ್ತಿದೆ.

ಇಲ್ಲಿಯೂ ಈಗ ಸ್ಟೆಂಟ್ ಬಂದಿದೆ. ಯಾವುದು ಯಾರಿಗೆ? ಹಾಲೆಂಡಿನ ವೈದ್ಯರೇ 2010ರಲ್ಲಿ ಪ್ರಕಟಿಸಿದ ಹೋಲಿಕೆಯ ಪ್ರಕಾರ ಎರಡು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇದ್ದವರಿಗೆ ಆಪರೇಶನ್ನು, ಅಷ್ಟು ಇಲ್ಲದವರಿಗೆ ಸ್ಟೆಂಟು ಮೇಲು. ಸ್ಟೆಂಟಿನವರು ಬೇಗ ಉಣ್ಣುತ್ತಾರೆ. ಆಪರೇಶನ್ನಿನವರು ತಡವಾಗಿ ಉಂಡರೂ ಹೆಚ್ಚು ಕಾಲ ಉಣ್ಣುತ್ತಾರೆ.

ಮೇದೋಜೀರಕ ಗ್ರಂಥಿಯ ತಲೆಯಲ್ಲಿಯೋ ಪಿತ್ತನಾಳದಲ್ಲಿಯೋ ಗಡ್ಡೆಯಾದರೆ ಪಿತ್ತ ಹರಿಯುವ ದಾರಿ ಕಟ್ಟುತ್ತದೆ. ಕಣ್ಣು ಹಳದಿ, ಮೂತ್ರ ಕಡು ಹಳದಿ, ಮಲ ಬಿಳಿಚಿದ ಸುಣ್ಣದ ಬಣ್ಣ, ಮೈಯೆಲ್ಲ ತುರಿಕೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಾಮಾಲೆಯ ಔಷಧಿ ಕೊಡಿಸುವುದು, ಬರೆ ಹಾಕಿಸುವುದು ಇನ್ನೂ ನಿಂತಿಲ್ಲ. ವಯಸ್ಸಾದವರಿಗೆ ನೋವಿಲ್ಲದೆ ಕಾಮಾಲೆ ಬಂದು ತುರಿಕೆ ಹತ್ತಿ ಮೈ ಇಳಿದರೆ ಸೊಪ್ಪಿನ ರಸಕ್ಕೆ ಕಾಯದೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ತುರಿಕೆಯಿಂದ ರಾತ್ರಿಯಿಡೀ ಮೈ ಕೆರೆದುಕೊಂಡು ರಕ್ತ ಬರಿಸಿಕೊಂಡವರಿಗೆ ಪಿತ್ತನಾಳದಲ್ಲಿ ಸ್ಟೆಂಟ್ ಇಟ್ಟರೆ ದಿನ ಕಳೆದಂತೆ ನಿದ್ರೆ ಬರುತ್ತದೆ. ಪ್ಲಾಸ್ಟಿಕ್ಕಿನದು ಅಗ್ಗ, ಮೂರು ತಿಂಗಳ ಆಸುಪಾಸಿನಲ್ಲಿ ಕಟ್ಟಿಕೊಳ್ಳುತ್ತದೆ, ಬದಲಿಸಬೇಕು. ಲೋಹದ್ದು ತುಟ್ಟಿ, ಹೆಚ್ಚು ದಿನ ಬಾಳುತ್ತದೆ. ಹಾಕಿಸಿದವರು ಚಳಿಜ್ವರ ಬಂದರೆ ಅದೇ ದಿನ ದವಾಖಾನೆಗೆ ಓಡಬೇಕು. ನಳಿಕೆ ಕಟ್ಟಿ ಕೀವಾದ ಸೂಚನೆ ಅದು.

ಪಕ್ಕೆಯ ಚೀಲ

ಎಲ್ಲಕ್ಕಿಂತ ಜನ ಹೆದರುವುದು ದೊಡ್ಡ ಕರುಳಿನ ಆಪರೇಶನ್ನಿಗೆ. ಕರುಳು ಪೂರಾ ಕಟ್ಟಿದಾಗ ಗಾಳಿಯೂ ಹೋಗದು, ಮಲವೂ ಹೋಗದು, ಹೊಟ್ಟೆ ನಗಾರಿಯಂತೆ ಉಬ್ಬುತ್ತದೆ. ಬಿಟ್ಟರೆ ಕರುಳು ಒಡೆದು ಪ್ರಾಣಕ್ಕೇ ಸಂಚಕಾರ. ಆಗ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಬಾಯಿ ಮಾಡಿ, ಅಲ್ಲಿ ಚೀಲ ಅಂಟಿಸುತ್ತಾರೆ. ಕೊಲೊಸ್ಟಮಿ ಎಂದು ಅದರ ಹೆಸರು.

"ಹೊಟ್ಟಿ ಮ್ಯಾಲ ಹೇಲಿನ ಚೀಲ ಕಟಗೊಂಡು ಬದುಕೋದಕ್ಕಿಂತ ಸಾಯೋದು ಪಾಡ" ಎಂದು ಗಂಡಸರು ಹೇಳಿದರೆ, ಹೆಂಗಸರು ಬಾಯಿ ಬಿಡುವುದಿಲ್ಲ, ಸುಮ್ಮನೆ ಅಳುತ್ತಾರೆ. ಅಡಿಗೆ ಮನೆಗೆ ಹೋಗಬಹುದೇ, ಗುಡಿಗೆ ಹೋಗಬಹುದೇ, ಮೊಮ್ಮಗನನ್ನು ಎತ್ತಿಕೊಳ್ಳಬಹುದೇ ಎಂಬ ಚಿಂತೆ ಅವರದು. ಎಲ್ಲವೂ ಆಗುತ್ತದೆ. ಹೊರಗೆ ಕಾಣುವ ಆ ಕೆಂಪು ಕರುಳಿಗೆ ಮುಟ್ಟಿದರೆ ನೋವು ಗೊತ್ತಾಗುವುದಿಲ್ಲ. ಸಾದಾ ನೀರಿನಿಂದ ತೊಳೆದು, ಸುತ್ತಲಿನ ಚರ್ಮ ಒರೆಸಿ ಒಣಗಿಸಿ ಚೀಲ ಅಂಟಿಸಿದರಾಯಿತು. ಚೀಲಕ್ಕೆ ಮಾಡುವ ತೂತು ಕರುಳಿನ ಅಳತೆಗೆ ಸರಿಯಾಗಿರಬೇಕು, ಸಡಿಲಾದರೆ ಚರ್ಮ ಸುಡುತ್ತದೆ. ಇಷ್ಟು ಕಲಿಯಲು ಎರಡು ದಿನ ಸಾಕು. ಆದರೆ ಕಲಿಸುವವರು ಬೇಕು. ಆಪರೇಶನ್ ಮಾಡಿ, ಕೈಗೆ ನಾಲ್ಕು ಚೀಲ ಕೊಟ್ಟು ಬಸ್ ಹತ್ತಿಸಿಬಿಟ್ಟರೆ ಹಳ್ಳಿಯಲ್ಲಿ ಆ ಹೆಣ್ಣುಮಗಳು ಯಾರನ್ನು ಕೇಳಬೇಕು? ನರ್ಸ್ ಕೂತು ಸೊಸೆಗೋ ಮಗಳಿಗೋ ಕೈಯಿಂದ ಮಾಡಿಸಿ ನೋಡಿ ಕಳಿಸುವುದೂ ಚಿಕಿತ್ಸೆಯ ಭಾಗವೇ.

ಕಡಿದು ಬಿಸಾಕಿದರೆ?

"ತೆಗೆಯೋದು ತೆಗೀತೀರಿ, ಗಡ್ಡಿ ಪೂರಾ ಕಡಿದು ಬಿಸಾಕ್ರಿ. ಹರಡಿದ್ದು ಆಮ್ಯಾಲ ನೋಡೂಣ." ಇದು ಮಗನ ಎರಡನೇ ವಾದ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ವೈದ್ಯರೂ ಬಹಳ ಕಾಲ ಹೀಗೇ ಯೋಚಿಸಿದ್ದುಂಟು. ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರದ ವೈದ್ಯರು ಇದನ್ನು ಪರೀಕ್ಷೆಗೇ ಇಟ್ಟರು. ಜಠರದ ಕ್ಯಾನ್ಸರ್ ಬೇರೆಡೆ ಹಬ್ಬಿದ 175 ರೋಗಿಗಳಲ್ಲಿ ಕೆಲವರಿಗೆ ಬರೀ ಔಷಧಿ, ಕೆಲವರಿಗೆ ಜಠರ ತೆಗೆದು ಔಷಧಿ. ಜಠರ ತೆಗೆಸಿಕೊಂಡವರು ಹೆಚ್ಚು ಬದುಕಲಿಲ್ಲ. 2016ರಲ್ಲಿ ಪ್ರಕಟವಾದ ಲೆಕ್ಕ ಇದು. ತ್ರಾಸು ಕೊಡದೆ ಸುಮ್ಮನಿದ್ದ ದೊಡ್ಡ ಕರುಳಿನ ಗಡ್ಡೆಯ ವಿಷಯದಲ್ಲೂ ಜಪಾನಿನವರು 2021ರಲ್ಲಿ ಇದೇ ತೀರ್ಮಾನಕ್ಕೆ ಬಂದರು. ಅಂದರೆ ಹಬ್ಬಿದ ಮೇಲೆ ಗಡ್ಡೆಯನ್ನು ಕಡಿಯುವುದಕ್ಕೆ ಕಾರಣ ಬೇಕು. ರಕ್ತ ನಿಲ್ಲದೆ ಹೋಗುತ್ತಿದೆ, ದಾರಿ ಕಟ್ಟಿದೆ, ಕರುಳು ಒಡೆದಿದೆ ಎಂಬಂಥ ಕಾರಣ. ಮನೆಯವರ ಸಮಾಧಾನ ಅಂಥ ಕಾರಣವಲ್ಲ.

ಕಾಕಾನ ಮಾತಿಗೂ ಉತ್ತರ ಹೇಳಬೇಕಲ್ಲ. ಚಾಕು ತಾಕಿ ಕ್ಯಾನ್ಸರ್ ಹರಡಿತು ಎಂಬುದು ಬರೀ ಭ್ರಮೆ. ಹರಡಿದ ಮೇಲೆಯೇ ಚಾಕು ಹಿಡಿದದ್ದು, ಜನ ಲೆಕ್ಕ ಹಾಕುವುದು ಮಾತ್ರ ಉಲ್ಟಾ. ಆದರೆ ಅವನ ಭಯದಲ್ಲಿ ಒಂದು ಪಾಲು ಸತ್ಯವಿದೆ. ನ್ಯೂಯಾರ್ಕಿನ ಹೆಸರಾಂತ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಂಥ 1022 ಉಪಶಮನ ಚಿಕಿತ್ಸೆಗಳ ಲೆಕ್ಕ ಇಟ್ಟು 2004ರಲ್ಲಿ ಹೊರಗಿಟ್ಟರು. ನೂರಕ್ಕೆ 80 ಮಂದಿಗೆ ತಿಂಗಳೊಳಗೆ ತ್ರಾಸು ಕಡಿಮೆಯಾಗಿತ್ತು. ಅದೇ ಲೆಕ್ಕದಲ್ಲಿ ನೂರಕ್ಕೆ 11 ಮಂದಿ ತಿಂಗಳೊಳಗೆ ತೀರಿಹೋಗಿದ್ದರು. ಅಲ್ಲಿಯ ಸೌಕರ್ಯದಲ್ಲಿ ಈ ಮಾತು. ಎರಡೂ ಅಂಕಿಯನ್ನು ಒಟ್ಟಿಗೇ ಹೇಳುವ ಡಾಕ್ಟರನ್ನು ನಂಬಬಹುದು. ಒಂದನ್ನೇ ಹೇಳುವವರನ್ನು ಇನ್ನೊಮ್ಮೆ ಕೇಳಬೇಕು.

ಇನ್ನು ಕೆಲವರಿಗೆ ಯಾವ ಆಪರೇಶನ್ನೂ ಸಲ್ಲದು. ಹೊಟ್ಟೆಯಲ್ಲಿ ನೀರು ತುಂಬಿ, ಕರುಳು ಹತ್ತು ಕಡೆ ಕಟ್ಟಿ, ಹಾಸಿಗೆ ಬಿಟ್ಟು ಏಳಲಾರದವನನ್ನು ಮೇಜಿನ ಮೇಲೆ ಮಲಗಿಸಿದರೆ ಮೇಲೇಳುವುದು ಅನುಮಾನ. ಅಂಥವರಿಗೆ ವಾಂತಿಗೆ, ನೋವಿಗೆ ಔಷಧಿ ಇದೆ. ಮಾರ್ಫಿನ್ ಮಾತ್ರೆ ಸಿಗದೆ ಕ್ಯಾನ್ಸರ್ ರೋಗಿಗಳು ಕೂಗಾಡಿ ಸಾಯುತ್ತಿದ್ದ ಕಾಲವೊಂದಿತ್ತು. ಲೈಸೆನ್ಸಿನ ಗೋಜಲು ಬಿಡಿಸಲು 2014ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ಆಪರೇಶನ್ ಬೇಡ ಎಂದ ಡಾಕ್ಟರು ಕೈ ಬಿಟ್ಟರು ಎಂದೇ ಅಲ್ಲ. ಬೇಡ ಎಂದು ಹೇಳಿ ನೋವಿನ ಔಷಧಿಯನ್ನೂ ಬರೆಯದೆ ಕಳಿಸಿದರೆ ಮಾತ್ರ ಕೈ ಬಿಟ್ಟಂತೆ.

ಹೆಬ್ಬೆಟ್ಟು ಯಾರದು?

ಈಗ ಬಾಗಿಲ ಹೊರಗಿನ ಗುಸುಗುಸು. "ನಮ್ಮಪ್ಪಗ ಏನೂ ಹೇಳಬ್ಯಾಡ್ರಿ ಸಾಹೇಬ್ರ, ಎದಿ ಒಡಕೋತಾನ. ಅಲ್ಸರ್ ಅದ ಅಂತ ಹೇಳ್ರಿ." ಎಷ್ಟು ಮನೆಗಳಲ್ಲಿ ಈ ಮಾತು ಬರುತ್ತದೋ ಲೆಕ್ಕವಿಲ್ಲ. ಅಲ್ಸರ್ ಎಂದು ನಂಬಿದ ಮುದುಕ ಅಲ್ಸರಿನ ಆಪರೇಶನ್ನಿಗೆ ಹೆಬ್ಬೆಟ್ಟು ಒತ್ತುತ್ತಾನೆ. ಆಮೇಲೆ ದಿನಾ ಕೇಳುತ್ತಾನೆ: ಆಪರೇಶನ್ ಆಯ್ತಲ್ಲ, ಮತ್ತ ಯಾಕ ಮೈ ಇಳೀಲತ್ತದ? ಮಗ ಮುಖ ತಿರುಗಿಸುತ್ತಾನೆ. ಉಳಿದ ನಾಲ್ಕಾರು ತಿಂಗಳು ಮನೆಯಲ್ಲಿ ಎಲ್ಲರೂ ನಾಟಕದವರೇ.

ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದ್ದು ಸ್ಪಷ್ಟವಿದೆ. ಚಿಕಿತ್ಸೆ ಏನು, ಅದರಿಂದ ಏನಾಗುತ್ತದೆ, ಅಪಾಯವೇನು ಎಂದು ತಿಳಿದು ರೋಗಿಯೇ ಒಪ್ಪಬೇಕು, ಜೀವ ಉಳಿಸಲು ತುರ್ತಾಗಿ ಮಾಡುವುದು ಮಾತ್ರ ಬೇರೆ. ಕೋರ್ಟಿನ ಮಾತು ಹಾಗಿರಲಿ. ಹೊಟ್ಟೆ ಅವನದು, ತ್ರಾಸು ಅವನದು. ಯಾವ ತ್ರಾಸು ಹೆಚ್ಚು ಎಂದು ಬಲ್ಲವನು ಅವನೊಬ್ಬನೇ. ಒಬ್ಬನಿಗೆ ಒಂದು ಲೋಟ ಚಹಾ ನುಂಗಿದರೆ ಸಾಕು. ಇನ್ನೊಬ್ಬನಿಗೆ ಮನೆ ಬಿಟ್ಟು ದವಾಖಾನೆಯಲ್ಲಿ ಹತ್ತು ದಿನ ಕಳೆಯುವುದೇ ಬೇಡ. ಮಗಳ ಮದುವೆ ಮುಂದಿನ ತಿಂಗಳು ಇದ್ದವನ ಲೆಕ್ಕವೇ ಬೇರೆ. ಒಮ್ಮೆಗೇ ಎಲ್ಲ ಹೇಳಿ ಎದೆ ಒಡೆಸಬೇಕಿಲ್ಲ. "ನಿಮಗ ಎಷ್ಟು ತಿಳ್ಕೋಬೇಕು ಅನಸ್ತದ?" ಎಂದು ಅವನನ್ನೇ ಕೇಳಿ, ಅವನು ಕೇಳಿದಷ್ಟು ಹೇಳುವ ಡಾಕ್ಟರುಗಳೂ ಇದ್ದಾರೆ.

ಹೊಲ ಮಾರುವ ಮುಂಚೆ

ರೊಕ್ಕದ ಮಾತು. 2010ರಲ್ಲಿ ರಾಜ್ಯ ಸರಕಾರ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ತಂದಾಗ ಮೊದಲು ಜಾರಿಗೆ ಬಂದದ್ದು ನಮ್ಮ ಅಂದಿನ ಗುಲ್ಬರ್ಗ ವಿಭಾಗದಲ್ಲೇ. ಎಲ್ಲದಕ್ಕೂ ಕಡೆಯ ಸಾಲಿನಲ್ಲಿ ನಿಲ್ಲುವ ಈ ಭಾಗಕ್ಕೆ ಅದೊಂದು ವಿಷಯದಲ್ಲಿ ಮೊದಲ ಸಾಲು ಸಿಕ್ಕಿತ್ತು! ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮೊದಲಾದ ದೊಡ್ಡ ರೋಗಗಳ ಚಿಕಿತ್ಸೆ ಅದರಲ್ಲಿತ್ತು. 2018ರಿಂದ ಆ ಜಾಗದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಹೊಲದ ಉತಾರ ಹಿಡಿದು ಸಾವಕಾರನ ಮನೆಗೆ ಹೋಗುವ ಮುಂಚೆ ರೇಶನ್ ಕಾರ್ಡು, ಆಧಾರ್ ಹಿಡಿದು ಸರಕಾರಿ ದವಾಖಾನೆಯಲ್ಲಿ ವಿಚಾರಿಸಬೇಕು. ಹೇಳಿದ ಚಿಕಿತ್ಸೆ ಪಟ್ಟಿಯಲ್ಲಿ ಇದೆಯೋ, ಯಾವ ದವಾಖಾನೆಯಲ್ಲಿ ಆಗುತ್ತದೆ ಎಂದು ಮೊದಲೇ ಕೇಳುವುದು ಒಳ್ಳೆಯದು.

ಕಲಬುರಗಿಯಲ್ಲಿ 1963ರಿಂದ ಎಂ.ಆರ್. ಮೆಡಿಕಲ್ ಕಾಲೇಜಿದೆ, ಸರಕಾರಿ ಜಿಮ್ಸ್ ಇದೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರವೂ ಇದೆ. ಆದರೂ ಕ್ಯಾನ್ಸರ್ ಎಂದೊಡನೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ, ಹೈದರಾಬಾದು, ಬೆಂಗಳೂರು ಎಂದು ಗಾಡಿ ಹತ್ತುವುದು ಇಲ್ಲಿಯ ರೂಢಿ. ಗುಣವಾಗುವ ಸಾಧ್ಯತೆ ಇದ್ದಾಗ ಹೋಗಲೇಬೇಕು, ಆ ಮಾತು ಬೇರೆ. ಆದರೆ ಹಬ್ಬಿದ ರೋಗದ ತ್ರಾಸಿಗೆ ಹತ್ತಿರದಲ್ಲೇ ಉಪಾಯ ಸಿಕ್ಕರೆ ಬಿಟ್ಟು ಮೂರು ರಾಜ್ಯ ಸುತ್ತುವುದು, ಉಳಿದ ದಿನಗಳನ್ನು ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಖರ್ಚು ಮಾಡಿದಂತೆ.

ಕಮಲಾಪುರದ ಆ ರೈತನ ಮನೆಯಲ್ಲಿ ಕೊನೆಗೆ ಏನಾಗುತ್ತದೆ? ಒಬ್ಬೊಬ್ಬರ ಮನೆಯಲ್ಲಿ ಒಂದೊಂದು. ಕೇಳಿ ತಿಳಿದು ಮಾಡಿದ ಮನೆಯಲ್ಲಿ ಹೀಗೆ: ಅಪ್ಪನಿಗೆ ಹೇಳಿದರು. ಅಪ್ಪ ಒಂದು ಹೊತ್ತು ಸುಮ್ಮನಿದ್ದ. ತೋಟ ಮಾರಬ್ಯಾಡ ಅಂದ. ನಳಿಕೆ ಹಾಕಿಸಿದರು. ಮೂರನೇ ದಿನ ಮನೆಗೆ ಬಿಡುವಾಗ ನರ್ಸಮ್ಮ ಪಟ್ಟಿ ಓದಿದಳು: ಒಣ ರೊಟ್ಟಿ ಬೇಡ, ಮಾಂಸದ ತುಂಡು ಬೇಡ, ನಾರಿನ ಸೊಪ್ಪು ಬೇಡ. ಊಟದ ನಡುವೆ ಬಿಸಿನೀರು ಗುಟುಕರಿಸಬೇಕು. ಊಟವಾದ ಮೇಲೆ ಅಡ್ಡಾಗಬಾರದು, ಮಲಗುವಾಗ ತಲೆ ಎತ್ತರಕ್ಕೆ ಇರಬೇಕು.

"ಬಾಳಿಹಣ್ಣು ನಡೀತದೇನ್ರಿ?" ಎಂದು ಅಪ್ಪ ಕೇಳಿದ.

"ನಡೀತದ ಕಾಕಾ. ಪೂರಾ ಹಣ್ಣಾಗಿರಬೇಕು. ಹಾಲಿನಾಗ ನುಣ್ಣಗ ಕಿವುಚಿ, ಸಣ್ಣ ಸಣ್ಣ ತುತ್ತು."